ಡೇರೆಯ ಹಗ್ಗ

ಬೆಳಿಗ್ಗೆ ಮಗಳ ಪೆನ್ಸಿಲ್ ಮಲಗುವ ಕೋಣೆಯ ಗೋಡೆಯೊಳಕ್ಕೆ ಬಿದ್ದುಹೋಯಿತು. ಬಿರುಕಿನಲ್ಲಿ ತೂರಿಸಿ ನೋಡಿದಳಂತೆ, ವಾಪಸ್ ಬರಲಿಲ್ಲ.

ಟಪಾಲು ಗುಮಾಸ್ತ ಹಲ್ಲುಜ್ಜುವುದನ್ನು ಬಿಟ್ಟು ಓಡಿಬಂದ. ಕಚೇರಿ ಕೊಟ್ಟ ಈ ಕ್ವಾರ್ಟರ್ಸಿನ ಗೋಡೆ ಎರಡು ವರ್ಷದಿಂದ ಸೀಳುತ್ತ, ಹೊಟ್ಟೆ ಬಿಟ್ಟುಕೊಂಡು ಒಳಕ್ಕೆ, ಮಗಳ ಮಂಚದ ಮೇಲಕ್ಕೆ ವಾಲಿತ್ತು. ಮಂಚ ಸರಿಸೋಣವೆಂದರೆ ಕೋಣೆಯಲ್ಲಿ ಜಾಗವಿಲ್ಲ. ಬೇರೆ ಮನೆ ಕೊಡಿ ಎಂದು ಹನ್ನೊಂದು ಅರ್ಜಿ ಬರೆದಿದ್ದ; ಹನ್ನೊಂದಕ್ಕೂ ತಾನೇ ನಂಬರು ಹಾಕಿ ತಾನೇ ರವಾನಿಸಿದ್ದ. ಅಂತೂ ಇಂತೂ ಇವತ್ತು ನಾಲ್ಕು ಗಂಟೆಗೆ ಇಂಜಿನಿಯರ್ ಸಾಹೇಬರು ಬರುವವರಿದ್ದರು. 'ವಾಸಕ್ಕೆ ಯೋಗ್ಯವಲ್ಲ' ಎಂದು ಅವರು ಗೀಚಿದರೆ ಸಾಕು, ಬೇರೆ ಮನೆ.

"ನಾವು ಒಳಗೇ ಇದ್ರೆ ಅವರು ನಂಬಲ್ಲ ರೀ," ಎಂದಳು ಹೆಂಡತಿ. "ಇಷ್ಟು ದಿನ ಇದ್ರಲ್ಲ, ಇನ್ನೂ ಇರಿ ಅಂತಾರೆ. ನನ್ನ ತಮ್ಮನ ಡೇರೆ ಅಟ್ಟದ ಮೇಲಿದೆ, ಅಂಗಳದಲ್ಲಿ ಹಾಕಿ. ಸಂಸಾರ ಸಮೇತ ಬೀದಿಗೆ ಬಿದ್ದಿದಾರೆ ಅಂತ ಕಣ್ಣಾರೆ ನೋಡ್ಲಿ."

ಗುಮಾಸ್ತ ರಜೆ ಹಾಕಿದ. ಅಂಗಳಕ್ಕೆ ಸಿಮೆಂಟು ಬಳಿದಿತ್ತು. ಮೊದಲ ಗೂಟ ಬಾಗಿತು. ಎರಡನೆಯ ಏಟು ಹೆಬ್ಬೆರಳಿಗೆ ಬಿತ್ತು. ಗಾಳಿಗೆ ಡೇರೆ ಅವನ ಮೇಲೇ ಮಗುಚಿಕೊಂಡಿತು.

ಮಹಡಿಯಿಂದ ನಿವೃತ್ತ ಡ್ರಿಲ್ ಮೇಷ್ಟರು ಸೀಟಿ ಊದಿದರು. "ಹಗ್ಗ ಓರೆಯಾಗಿ ಎಳೀಬೇಕು ಕಣ್ರೀ! ಗೂಟ ಇಳೀದಿದ್ರೆ ಭಾರವಾದ್ದಕ್ಕೆ ಕಟ್ಟಿ. ನನ್ನ ಸ್ಕೂಟರ್ ಇಲ್ವಾ ಅಲ್ಲಿ?"

ಪಕ್ಕದ ಮನೆಯ ನರ್ಸಮ್ಮ ಸುಮ್ಮನಿರುತ್ತಾರೆಯೇ? "ಆ ಗಂಟು ನಿಲ್ಲಲ್ಲ, ಬಿಡಿ ಇತ್ಲಾಗೆ," ಎಂದು ಡೇರೆಯ ಕಡೆಗೂ ಸ್ಕೂಟರಿನ ಕಡೆಗೂ ಬ್ಯಾಂಡೇಜಿನ ಗಂಟು ಹಾಕಿದರು. ಗಂಟು ನಿಂತಿತು. ಎಷ್ಟರಮಟ್ಟಿಗೆ ಎಂಬುದು, ಮೇಷ್ಟರು ಎಲ್ಲ ಮರೆತು ಹಾಲು ತರಲು ಸ್ಕೂಟರ್ ಹತ್ತಿದಾಗ ಗೊತ್ತಾಯಿತು. ಡೇರೆ ಗೇಟಿನವರೆಗೆ ಹೋಯಿತು. ಒಳಗೆ ಚಾಪೆ ಹಾಸುತ್ತಿದ್ದ ಗುಮಾಸ್ತನೂ ಜೊತೆಗೆ ಹೋದ.

"ಒಳಗಿದೀನಿ ಅಂತ ಒಂದು ಮಾತು ಹೇಳ್ಬಾರ್ದೇನ್ರೀ?" ಎಂದು ಮೇಷ್ಟರು ಅವನಿಗೇ ಬೈದರು.

ಆಗಲೇ ಮೂರೂ ಮುಕ್ಕಾಲು. ಮೊಣಕೈ ತರಚಿಕೊಂಡ ಗುಮಾಸ್ತ ಹಟಕ್ಕೆ ಬಿದ್ದವನಂತೆ ಎರಡು ಹಗ್ಗಗಳನ್ನು ಗೇಟಿನ ಬಳಿಯ ಮರಕ್ಕೆ ಬಿಗಿದ. ಮನೆಯ ಕಡೆ ಕಟ್ಟಲು ಬೇರೇನೂ ಇರಲಿಲ್ಲ. ಉಳಿದೆರಡನ್ನು ಅದೇ ವಾಲಿದ ಗೋಡೆಯಲ್ಲಿ, ಬಿರುಕಿನ ಆಚೆಗೊಂದು ಈಚೆಗೊಂದು ಇದ್ದ ಕಿಟಕಿಗಳ ಸರಳಿಗೇ ಕಟ್ಟಿದ. ಡೇರೆ ನೆಟ್ಟಗೆ ನಿಂತಿತು.

ಸಾಹೇಬರು ಬಂದರು. ಡೇರೆಯೊಳಗೆ ತಾಯಿ ಮಗಳು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಸಾಹೇಬರಿಗೆ ಸೊಂಟನೋವು, ಬಗ್ಗಲೇ ಇಲ್ಲ. ಮನೆಯೊಳಕ್ಕೆ ಹೋಗಿ ವಾಲಿದ ಗೋಡೆ ನೋಡಿ ಬಂದರು. ಆಮೇಲೆ ಕಿಟಕಿಯ ಹಗ್ಗವನ್ನು ಬೆರಳಿಂದ ಮೀಟಿದರು.

"ಯಾರು ಕಟ್ಟಿದ್ದು?"

"ಹೇಳಿಕೊಟ್ಟೋನು ನಾನು," ಎಂದರು ಮೇಷ್ಟರು. "ಗಂಟು ನಂದು," ಎಂದರು ನರ್ಸಮ್ಮ.

ಇವರ ಮಧ್ಯೆ ತನ್ನ ಕಷ್ಟ ಎಲ್ಲಿ ಕಳೆದುಹೋಗುತ್ತದೋ ಎಂದು ಗುಮಾಸ್ತನಿಗೆ ದಿಗಿಲಾಯಿತು. "ಕಟ್ಟಿದ್ದು ನಾನು ಸಾರ್! ನಾನೊಬ್ಬನೇ!"

ಸಾಹೇಬರು ಬರೆಯತೊಡಗಿದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಮಾಸ್ತನ ಎದೆ ತುಂಬಿಬಂತು. ಸಾಹೇಬರು ಓದಿದರು: "ಒಳಕ್ಕೆ ವಾಲಿದ ಗೋಡೆಯನ್ನು ನಿವಾಸಿಯೇ ಹೊರಗಿನಿಂದ ಹಗ್ಗ ಬಿಗಿದು ಭದ್ರಪಡಿಸಿರುತ್ತಾರೆ. ವಾಸಕ್ಕೆ ಯೋಗ್ಯ."

"ಸಾರ್, ಅದು ಡೇರೆ ಹಗ್ಗ ಸಾರ್!"

"ಇಂಕಿನಲ್ಲಿ ಬರೆದಾಯ್ತಲ್ರೀ. ಆ ಡೇರೆ ತೆಗೀರಿ, ಹಗ್ಗಕ್ಕೆ ಸುಮ್ನೆ ಭಾರ. ಹಗ್ಗ ಮಾತ್ರ ಬಿಚ್ಚೋ ಹಾಗಿಲ್ಲ. ದಿನಾ ಬಿಗಿ ಮಾಡ್ತಿರಿ. ಗೋಡೆ ಬಿದ್ರೆ ನೀವೇ ಜವಾಬ್ದಾರಿ. ನಾನೊಬ್ಬನೇ ಕಟ್ಟಿದ್ದು ಅಂದ್ರಲ್ಲ, ಸಾಕ್ಷಿಗೆ ಇವರಿಬ್ಬರೂ ಇದಾರೆ."

ಡೇರೆಯ ಕಡೆ ನರ್ಸಮ್ಮ ಹಾಕಿದ್ದ ಗಂಟು ಬಿಚ್ಚಲು ಬರಲಿಲ್ಲ. ಮೇಷ್ಟರು ಡೇರೆಯನ್ನೇ ಕತ್ತರಿಸಿ, ಹಗ್ಗಗಳನ್ನು ಒಂದಕ್ಕೊಂದು ಸೇರಿಸಿ ಮರಕ್ಕೆ ಎಳೆದು ಕಟ್ಟಿಕೊಟ್ಟರು.

ಸಂಜೆ ಮೂವರೂ ಒಳಗಿದ್ದರು. ಆ ಹಗ್ಗಕ್ಕೆ ಡೇರೆಯೊಂದನ್ನು ಬಿಟ್ಟು ಬೇರೇನನ್ನೂ ಹಿಡಿದಿಡಲು ಆಗುವುದಿಲ್ಲವೆಂದು ಗುಮಾಸ್ತನಷ್ಟು ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ.

"ಅಪ್ಪಾ," ಎಂದಳು ಮಗಳು ಮಂಚದಿಂದ, "ಸ್ಕೇಲೂ ಒಳಗೆ ಹೋಯ್ತು."

ಗುಮಾಸ್ತ ಎದ್ದು ಅಂಗಳಕ್ಕೆ ಹೋಗಿ ಹಗ್ಗ ಬಿಗಿ ಮಾಡಿದ.