ಕ್ಲಬ್ ಲೌಂಜಿನಲ್ಲಿ ಅತ್ತೆ ಕೂತದ್ದು

ನಮ್ಮ ಅತ್ತೆಗೆ ಎಲ್ಲವೂ ಬರುತ್ತದೆ, ಕೂರಲು ಮಾತ್ರ ಬರುವುದಿಲ್ಲ. ಕೂರುವುದೂ ಒಂದು ವಿದ್ಯೆಯೇ, ಕಾಲು ಮಡಚಿದರೆ ಆಯಿತಲ್ಲ ಎಂದು ನೀವು ನಗಬಹುದು. ಹಾಗೆ ನಗುವವರು ನಮ್ಮ ಅತ್ತೆಯನ್ನು ನೋಡಿಲ್ಲ! ಅವರು ಒಂದೇ ಜಾಗದಲ್ಲಿ ಐದು ನಿಮಿಷ ಕೂತದ್ದನ್ನು ಕಂಡವರು ಊರಿನಲ್ಲಿ ಒಬ್ಬರೂ ಇಲ್ಲ. ತಮ್ಮ ಮದುವೆಯ ದಿನವೇ ಹಸೆಮಣೆಯಿಂದ ಎದ್ದುಹೋಗಿ, ಓಲಗದವರಿಗೆ ಕಾಫಿ ಕೊಟ್ಟಿರಾ ಎಂದು ಅಡುಗೆಯವರನ್ನು ವಿಚಾರಿಸಿಕೊಂಡು ಬಂದವರು ಅವರು. ಮದುವೆಯ ಫೋಟೋದಲ್ಲಿ ಮಾವ ಒಬ್ಬರೇ ಗಂಭೀರವಾಗಿ ಕೂತಿದ್ದಾರೆ. ಪಕ್ಕದಲ್ಲಿ ಮಸುಕು ಮಸುಕಾಗಿ ಒಂದು ಸೆರಗು ಹೊರಟುಹೋಗುತ್ತಿದೆ.

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನಮ್ಮ ತಂದೆಯ ತಂಗಿ. ಮನೆ ಇರುವುದು ಕೆಂಚಾರ್ಲಹಳ್ಳಿಯಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಸರಿಯಾಗಿ ಎದುರು. ಅದೇ ತೊಂದರೆಯಾಗಿದ್ದು ನೋಡಿ! ಬಸ್ಸಿಗೆ ಕಾಯುವವರೆಲ್ಲ ಅತ್ತೆಯ ಪ್ರಕಾರ ಅತ್ತೆಯ ಮನೆಗೆ ಬಂದವರೇ. ಕರೆಂಟು ಬಿಲ್ಲಿನವನು, ರೇಷ್ಮೆಗೂಡು ಸಾಗಿಸುವ ಆಟೋದವನು, ಎಲೆಕ್ಷನ್ನಿಗೆ ಬಂದ ಮೇಷ್ಟ್ರುಗಳು, ಯಾರಾದರೂ ಸರಿ, ಜಗಲಿ ಹತ್ತಿದರೆ ಕಾಫಿ, ಊಟದ ಹೊತ್ತಾದರೆ ಮುದ್ದೆ. ಒಮ್ಮೆ ಪಕ್ಕದ ಮನೆಗೆ ಹೆಣ್ಣು ನೋಡಲು ಬಂದ ಗೌರಿಬಿದನೂರಿನ ಏಳು ಜನ ತಪ್ಪಿ ಅತ್ತೆಯ ಜಗಲಿ ಹತ್ತಿದರು. ಅತ್ತೆ ಯಾರು, ಎತ್ತ ಎಂದು ಕೇಳಲಿಲ್ಲ. ಉಪ್ಪಿಟ್ಟು, ಕೇಸರಿಬಾತು, ಎರಡು ಸುತ್ತು ಕಾಫಿ ಮುಗಿದ ಮೇಲೆ ಬೀಗರು ಮೆಲ್ಲಗೆ, "ಹುಡುಗೀನ ಕರೀರಮ್ಮ ಮತ್ತೆ" ಎಂದರು.

"ಯಾವ್ ಹುಡುಗಿ? ನಂಗೆ ಮಕ್ಕಳೇ ಇಲ್ವಲ್ಲಪ್ಪ!" ಎಂದರು ಅತ್ತೆ.

ಆ ಸಂಬಂಧ ಕುದುರಿತು. ಪಕ್ಕದ ಮನೆಯವರ ಉಪ್ಪಿಟ್ಟು ಸಪ್ಪೆಯಾಗಿತ್ತೆಂದೂ, ಹೊಟ್ಟೆ ಮೊದಲೇ ತುಂಬಿದ್ದರಿಂದ ಅದು ಯಾರಿಗೂ ತಿಳಿಯಲಿಲ್ಲವೆಂದೂ ಊರಿನವರ ಅಭಿಪ್ರಾಯ.

ಪಿಯುಸಿ ಓದುವಾಗ ಎರಡು ವರ್ಷ ನಾನು ಈ ಮನೆಯಲ್ಲಿದ್ದೆ. ಮಾವ ರೇಷ್ಮೆ ಹುಳು ಸಾಕುತ್ತಾರೆ. ಹುಳುವಿಗೆ ಹಗಲೂ ರಾತ್ರಿಯೂ ಸೊಪ್ಪು ಹಾಕಬೇಕು. ಅಂಥ ಹೊಟ್ಟೆಬಾಕ ಹುಳುವೂ ಪೊರೆ ಬಿಡುವ ಹೊತ್ತಿಗೆ ತಿನ್ನುವುದು ನಿಲ್ಲಿಸಿ ತೆಪ್ಪಗಾಗುತ್ತದೆ. ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಗೂಡು ಕಟ್ಟುವುದರೊಳಗೆ ಅದು ನಾಲ್ಕು ಸಲ ಹೀಗೆ ಕೂರುತ್ತದೆ. ಅತ್ತೆ ನಿಜವಾದ ಜ್ವರ ಬಂದಾಗಲೂ ಕೂತದ್ದಿಲ್ಲ! ಎಲ್ಲರ ಊಟವಾದ ಮೇಲೆ ಮಧ್ಯಾಹ್ನ ಮೂರರ ಸುಮಾರಿಗೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಒಂದು ಕಿವಿಯನ್ನು ಬಸ್ಸಿನ ಹಾರನ್ನಿಗೆ ಕೊಟ್ಟು, ಏನೋ ಒಂದಿಷ್ಟು ನುಂಗುತ್ತಿದ್ದರು. ಆ ಹೊತ್ತಿಗೆ ಯಾರಾದರೂ ಬಂದರೆ ಅದನ್ನೂ ಬಡಿಸಿಬಿಡುತ್ತಿದ್ದರು. ಇದು ಹೇಗೆ ಸಾಧ್ಯ ಎಂದು ನಾನು ಬೆರಗಾಗುತ್ತಿದ್ದೆ, ಬೆರಗಾಗುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದೆ.

ಎಷ್ಟು ದಿನ ನಡೆದೀತು? ಹೋದ ವರ್ಷ ಮಂಡಿಗಳು ಕೈಕೊಟ್ಟವು. ಗೋಡೆ ಹಿಡಿದು ನಡೆಯುವಂತಾಯಿತು. ಚಿಂತಾಮಣಿಯ ಡಾಕ್ಟರು ಎಕ್ಸ್‌ರೇ ನೋಡಿ, "ಎರಡು ಮಂಡೀನೂ ಆಪರೇಷನ್ ಮಾಡ್ಬೇಕಮ್ಮ. ಮೂರು ತಿಂಗಳು ಒಲೆ ಮುಂದೆ ನಿಲ್ಲೋ ಹಾಗಿಲ್ಲ. ಇನ್ನೂ ತಡ ಮಾಡಿದ್ರೆ ಆಮೇಲೆ ನಡೆಯೋದೇ ಕಷ್ಟ" ಎಂದರು.

"ಮೂರ್ ತಿಂಗಳಾ? ಮನೇಗ್ ಬಂದೋರಿಗೆ ಕಾಫಿ ಯಾರ್ ಕೊಡ್ತಾರೆ ಡಾಕ್ಟ್ರೇ?"

"ಬೇಕಾದೋರು ಅವರೇ ಮಾಡ್ಕೋತಾರೆ, ಬಿಡಿ."

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಂಥ ಮಾತಾಡುವವರು ಒಳ್ಳೆಯ ಮನೆತನದವರಾಗಿರಲಿಕ್ಕಿಲ್ಲ ಎಂದು ಆಗಲೇ ತೀರ್ಮಾನವಾಯಿತು. ಆದರೂ ಹೊರಡುವಾಗ ಚೀಲದಿಂದ ಚಕ್ಕುಲಿ ತೆಗೆದು ಮೇಜಿನ ಮೇಲಿಟ್ಟೇ ಬಂದರು. ಆಪರೇಷನ್ನಿಗೆ ಎರಡು ಸಲ ದಿನ ಗೊತ್ತಾಯಿತು, ಎರಡು ಸಲವೂ ಅತ್ತೆ ಒಲ್ಲೆ ಎಂದರು. ಹೆದರಿಕೆಯಿಂದಲ್ಲ. ಇನ್ನೊಬ್ಬರ ಕೈಯಿಂದ ಮೂರು ತಿಂಗಳು ಇಸ್ಕೊಂಡು ತಿನ್ನಬೇಕಲ್ಲ, ಅದು ಅವರಿಂದಾಗದ ಕೆಲಸ.

ನನಗೆ ಭಯ ಹತ್ತಿತು. ಅತ್ತೆ ನಡೆಯದಂತಾದರೆ? ಹೇಗಾದರೂ ಮಾಡಿ ಇವರಿಗೆ ಕೂರುವುದನ್ನು ಕಲಿಸಬೇಕು ಎಂದು ನಿಶ್ಚಯಿಸಿದೆ. ಆಗ ಹೊಳೆದದ್ದು ಚಿಕ್ಕಬಳ್ಳಾಪುರದ ಹತ್ತಿರ ಹೊಸದಾಗಿ ಎದ್ದಿರುವ ದೊಡ್ಡ ಹೋಟೆಲು. ಆ ಊರಿನ ಆಸ್ಪತ್ರೆಯೊಂದರಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸುವ ನೆವ ಇದ್ದೇ ಇತ್ತು. ಬೆಳಗ್ಗೆ ಎಂಟಕ್ಕೇ ಇರಬೇಕಂತೆ, ಹಿಂದಿನ ದಿನವೇ ಹೋಗಿ ಉಳಿಯೋಣ ಎಂದೆ. ಹುಳು ಜ್ವರದಿಂದ ಎದ್ದು ಸೊಪ್ಪು ಕೇಳುವ ಹೊತ್ತಾದ್ದರಿಂದ ಮಾವ ಬರುವ ಹಾಗಿರಲಿಲ್ಲ.

ಫೋನಿನಲ್ಲಿ ರೂಮು ಬುಕ್ ಮಾಡುವಾಗ, 'ಕ್ಲಬ್ ಲೌಂಜ್ ಪ್ರವೇಶ ಬೇಕೇ?' ಎಂದು ಅದೇ ಕೇಳಿತು. ಮೇಲ್ಮಹಡಿಯಲ್ಲಿ ವಿಶೇಷ ಅತಿಥಿಗಳ ಕೋಣೆಯಂತೆ. ದಿನವಿಡೀ ಕೂತಿರಬಹುದಂತೆ, ಕೂತಲ್ಲಿಗೇ ಕಾಫಿ, ತಿಂಡಿ, ಹಣ್ಣು ಬರುತ್ತವಂತೆ. ಅದಕ್ಕೆ ರೂಮಿನ ಅರ್ಧದಷ್ಟು ದುಡ್ಡು ಬೇರೆ! ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನು. ಸ್ಟಾಫ್ ರೂಮಿನಲ್ಲಿ ಲೆಕ್ಕದ ಮೇಷ್ಟ್ರನ್ನು ಕೇಳಿದೆ. ಅವರು ಸೀಮೆಸುಣ್ಣ ಹಿಡಿದೇ ಕೂತರು.

"ನೋಡಿ ಮೇಷ್ಟ್ರೇ, ಒಬ್ಬೊಬ್ರು ಹದಿನಾಲ್ಕ್ ಕಾಫಿ ಕುಡೀಬೇಕು, ಮೇಲಿಂದ ಎಂಟ್ ಪೀಸ್ ಕೇಕ್ ತಿನ್ಬೇಕು. ಆಗ ಅಸಲು ಬರತ್ತೆ. ನಿಮ್ಮತ್ತೆ ಎಷ್ಟ್ ಕುಡೀತಾರೆ?"

"ಅವರು ಕುಡಿಯಲ್ಲ, ಕೊಡ್ತಾರೆ."

"ಹಾಗಾದ್ರೆ ಬೇಡ, ಪೂರ್ತಿ ನಷ್ಟ!"

ನಷ್ಟವಾದರೆ ಆಗಲಿ ಎಂದು ಬುಕ್ ಮಾಡಿದೆ. ನನ್ನ ಪಾಲಿಗೆ ಅದು ಕೂರುವುದನ್ನು ಕಲಿಸುವ ಶಾಲೆ.

ಮೇಲ್ಮಹಡಿಯ ಆ ಕೋಣೆಯ ವೈಭವವನ್ನು ಏನೆಂದು ಹೇಳಲಿ! ಗಾಜಿನ ಗೋಡೆಯಾಚೆ ನಂದಿಬೆಟ್ಟ, ಈಚೆ ಕಾಲು ಹುದುಗುವ ಜಮಖಾನ, ಮಾತಾಡಿದರೆ ಅಪಚಾರವಾದೀತು ಎನ್ನಿಸುವ ನಿಶ್ಶಬ್ದ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅತ್ತೆ ಮಾತ್ರ ನೇರವಾಗಿ ಹೋಗಿ, ಉದ್ದನೆಯ ಮೇಜಿನ ಮೇಲೆ ಜೋಡಿಸಿದ್ದ ತಿಂಡಿಗಳನ್ನು ಮುಚ್ಚಿದ್ದಾರೋ ಇಲ್ಲವೋ ಎಂದು ನೋಡಿದರು. ಕಪ್ಪು ಕೋಟಿನ ಹೆಂಗಸೊಬ್ಬರು ನಗುತ್ತಾ ಬಂದರು. ನಲವತ್ತರ ಆಸುಪಾಸು. ಅಲ್ಲಿನ ಉಸ್ತುವಾರಿ ಅವರದಂತೆ.

"ಎಷ್ಟಮ್ಮ ಇದಕ್ಕೆಲ್ಲ?" ಎಂದರು ಅತ್ತೆ.

"ಇಲ್ಲಿ ದುಡ್ಡು ಕೊಡೋ ಹಾಗಿಲ್ಲಮ್ಮ. ಏನ್ ಬೇಕಾದ್ರೂ ತಗೋಬಹುದು."

ಅತ್ತೆ ನನ್ನ ಕಡೆ ತಿರುಗಿದರು. "ದುಡ್ ತಗೊಳ್ದೆ ಊಟ ಹಾಕ್ತಾರಾ? ಹಾಗಾದ್ರೆ ಇದು ಹೋಟ್ಲಲ್ಲ ಕಣೋ. ಮನೆ!"

ಅಲ್ಲಿಂದ ಶುರುವಾಯಿತು! ನಾನು ಮೊದಲೇ ಕಟ್ಟಿದ ದುಡ್ಡಿನ ವಿಷಯ ಹೇಳಲು ನನಗೆ ಧೈರ್ಯವಿರಲಿಲ್ಲ. ಹೋಟೆಲಾದರೆ ಒಂದು ರೀತಿ, ಮನೆಯಾದರೆ ಬೇರೆಯೇ ರೀತಿ. ಯಾರದಾದರೂ ಮನೆಗೆ ಹೋದಾಗ ಕೇಳಿದ ತಕ್ಷಣ ತಗೊಂಡರೆ ಮರ್ಯಾದೆ ಉಳಿಯುತ್ತದೆಯೇ? ಆ ಹೆಂಗಸು, "ಕಾಫಿ ಕೊಡ್ಲಾಮ್ಮ?" ಎಂದರು. ಅತ್ತೆ ನಮ್ಮ ಸೀಮೆಯ ಪದ್ಧತಿಯಂತೆ, "ಬೇಡಮ್ಮ, ಈಗ್ತಾನೆ ಆಯ್ತು" ಎಂದರು. ಇನ್ನೆರಡು ಸಲ ಬಲವಂತ ಮಾಡಿದ ಮೇಲೆ, ಸರಿ, ಅರ್ಧ ಲೋಟ ಎನ್ನಬೇಕೆಂದು ಕಾದರು. ಆಕೆಯೋ ತರಬೇತಿ ಪಡೆದವರು. "ಓಕೆ ಮೇಡಂ" ಎಂದು ತಲೆಬಾಗಿ ಹೊರಟೇಹೋದರು!

ವಿಪರೀತ ಆಶ್ಚರ್ಯವಾದರೆ ಅತ್ತೆಯ ಬಾಯಲ್ಲಿ ತೆಲುಗು ಬರುತ್ತದೆ. "ಒಕ್ಕಸಾರೇ ಅಡಿಗಿ ಎಲ್ಲಿಪೋಯಿಂದಿ ಕದರಾ!" ಎಂದರು. ಒಂದೇ ಸಲ ಕೇಳಿ ಹೋಗಿಬಿಟ್ಟಳಲ್ಲ ಎಂದು ಅವರಿಗೆ ಅವಮಾನಕ್ಕಿಂತ ಮರುಕವೇ ಹೆಚ್ಚಾಗಿತ್ತು. ಪಾಪ, ಹೇಳಿಕೊಡುವವರಿಲ್ಲ.

ಹೇಳಿಕೊಡಲು ಅತ್ತೆಯೇ ಸಿದ್ಧರಾದರು. ಮೊದಲು ಸೋಫಾ ಸ್ವಲ್ಪ ತಡೆಯಿತು. ಅದು ಎಷ್ಟು ಮೆತ್ತಗಿತ್ತೆಂದರೆ, ಒಮ್ಮೆ ಕೂತ ಅತ್ತೆಗೆ ಏಳಲಾಗಲಿಲ್ಲ. ಒಂದು, ಎರಡು, ಮೂರು ನಿಮಿಷ! ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅತ್ತೆ ನನ್ನ ಭುಜವನ್ನೇ ಊರುಗೋಲು ಮಾಡಿಕೊಂಡು ಎದ್ದರು. ಚೀಲದಿಂದ ನಿಪ್ಪಟ್ಟಿನ ಡಬ್ಬಿ ತೆಗೆದರು. ಬರಿಗೈಯಲ್ಲಿ ಒಬ್ಬರ ಮನೆಗೆ ಬರುವುದುಂಟೇ? ಕೇಕಿನ ಪಕ್ಕದ ಗಾಜಿನ ತಟ್ಟೆಯಲ್ಲಿ ನಿಪ್ಪಟ್ಟು ಜೋಡಿಸಿ, ತಟ್ಟೆ ಹಿಡಿದು ಕುಂಟುತ್ತಾ ಬಡಿಸಲು ಹೊರಟೇಬಿಟ್ಟರು!

ಮೂಲೆಯಲ್ಲಿ ಟೈ ಕಟ್ಟಿದ ಸಾಹೇಬರೊಬ್ಬರು ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದರು. ಕುಡುಮಲಕುಂಟೆಯ ಯಾವುದೋ ಕಾರ್ಖಾನೆ ನೋಡಲು ಬಂದವರು, ಕನ್ನಡ ಬಾರದವರು. "ತಿನ್ನಪ್ಪ" ಎಂದರು ಅತ್ತೆ. "ನೋ ಥ್ಯಾಂಕ್ಸ್" ಎಂದರು ಅವರು. ಅದು ಮೊದಲನೆಯ ಬೇಡ ಎಂಬುದು ಅತ್ತೆಗೆ ಯಾರೂ ವಿವರಿಸಬೇಕಾಗಿರಲಿಲ್ಲ. "ಒಂದೇ ಒಂದು" ಎಂದರು. "ನೋ, ನೋ." "ನಾನೇ ಮಾಡಿರೋದು ಕಣಪ್ಪ." ಮೂರನೆಯ ಸಲಕ್ಕೆ ಸಾಹೇಬರು ಶರಣಾದರು. ಆಮೇಲೆ ತಾವೇ ಎದ್ದು ಬಂದು ಇನ್ನೆರಡು ತಗೊಂಡರು. ಹೊರಡುವಾಗ ಅಭಿಪ್ರಾಯದ ಚೀಟಿಯಲ್ಲಿ, ಇಲ್ಲಿನ ಹಿರಿಯ ಮ್ಯಾನೇಜರಮ್ಮನ ಉಪಚಾರ ಅತ್ಯುತ್ತಮ ಎಂದು ಇಂಗ್ಲಿಷಿನಲ್ಲಿ ಬರೆದಿಟ್ಟು ಹೋದರು!

ಅಷ್ಟರಲ್ಲಿ ಅತ್ತೆ ಎಂಜಲು ಕಪ್ಪುಗಳನ್ನು ಒಟ್ಟು ಮಾಡಿಕೊಂಡು ಒಳಗೆ ಹೊರಟಿದ್ದರು. ಕಪ್ಪು ಕೋಟಿನ ಹೆಂಗಸು ಓಡಿ ಬಂದು ಕೈ ಹಿಡಿದುಕೊಂಡರು.

"ಅಮ್ಮ, ಇದೆಲ್ಲ ಮಾಡ್ಬೇಡಿ. ನಾನ್ ಕೆಲ್ಸ ಮಾಡ್ತಿಲ್ಲ ಅಂತ ಅಂದ್ಕೊಳ್ತಾರೆ."

"ನಿಂಗೆ ಒಬ್ಳಿಗೇ ಆಗಲ್ಲಮ್ಮ. ಯಾವೂರು ನಿಂದು?"

"ಮಂಚೇನಹಳ್ಳಿ." ಆಕೆ ಅತ್ತೆಯ ಮಂಡಿಯನ್ನೇ ನೋಡುತ್ತಿದ್ದರು. "ನಮ್ಮಮ್ಮನೂ ಹಿಂಗೇ ಇದ್ರು. ಕಾಲು ಊದ್ಕೊಂಡಿದ್ರೂ ಎಲ್ರಿಗೂ ಅವರೇ ಬಡಿಸ್ಬೇಕು. ನಾನ್ ಮಾಡ್ತೀನಿ ಕೂತ್ಕೊಳಮ್ಮ ಅಂದ್ರೆ ಕೇಳ್ತಿರ್ಲಿಲ್ಲ. ಕೊನೇವರ್ಗೂ ನನ್ ಕೈಲಿ ಒಂದ್ ಲೋಟ ಕಾಫಿ ಇಸ್ಕೊಳ್ಲಿಲ್ಲ. ಇಲ್ಲಿ ದಿನಾ ಎಷ್ಟೋ ಜನಕ್ಕೆ ಕೊಡ್ತೀನಿ. ಅವರಿಗೆ ಕೊಡಕ್ಕಾಗ್ಲಿಲ್ಲ ಅಂತ ಹೊಟ್ಟೆ ಉರಿಯತ್ತಮ್ಮ."

ಯಾರಿಗಾದರೂ ಏನನ್ನಾದರೂ ಕೊಡದೆ ತಾವು ಉಳಿಸಿಕೊಂಡಿದ್ದೇವೆ ಎಂಬ ಅನುಮಾನ ಅತ್ತೆಗೆ ಜೀವನದಲ್ಲಿ ಮೊದಲ ಸಲ ಬಂದಿರಬೇಕು. ಕಪ್ಪುಗಳನ್ನು ಆಕೆಯ ಕೈಗೆ ಕೊಟ್ಟರು. ನಿಧಾನವಾಗಿ ಬಂದು ಆ ಸೋಫಾದಲ್ಲಿ ಕೂತರು.

"ಕಾಫಿ ಕೊಡ್ಲಾಮ್ಮ?"

"ಬೇಡ ಕಣಮ್ಮ."

"ಸ್ವಲ್ಪ?"

"ಬೇಡಮ್ಮ, ಯಾಕ್ ಸುಮ್ನೆ."

"ನಂಗೋಸ್ಕರ. ಅರ್ಧ ಲೋಟ."

"ಕೊಡು."

ನಾನು ಗೋಡೆಯ ಗಡಿಯಾರ ನೋಡಿಕೊಂಡೆ. ಅತ್ತೆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಹೊಸ ಊರಿಗೆ ಬಂದ ಮಗುವಿನ ಹಾಗೆ ಆಚೀಚೆ ನೋಡುತ್ತಾ, ಇಪ್ಪತ್ತು ನಿಮಿಷ ಕೂತರು. ಇಪ್ಪತ್ತು ನಿಮಿಷ! ನಂದಿಬೆಟ್ಟವೇ ಎದ್ದು ನಡೆದಿದ್ದರೂ ನನಗೆ ಅಷ್ಟು ಅಚ್ಚರಿಯಾಗುತ್ತಿರಲಿಲ್ಲ. ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ, ಯಾರೂ ಕೇಳುವ ಮೊದಲೇ ಅತ್ತೆ, "ಯಾವತ್ತು ಮಾಡ್ತೀರ ಆಪರೇಷನ್ನು?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕಾಫಿ ಕಾಯ್ಸಕ್ ಕಲ್ತ್ಕೋ" ಎಂದರು.

"ಎಷ್ಟ್ ಕಾಫಿ ಕುಡಿದ್ರು?" ಎಂದು ಸೋಮವಾರ ಲೆಕ್ಕದ ಮೇಷ್ಟ್ರು ಕಾದು ಕೂತಿದ್ದರು.

"ಅರ್ಧ."

ಅವರು ಸೀಮೆಸುಣ್ಣ ಕೆಳಗಿಟ್ಟರು.

ಆಪರೇಷನ್ ಸರಿಯಾಗಿ ಆಯಿತು. ದಸರಾ ರಜೆ ಪೂರ್ತಿ ನಾನು ಕೆಂಚಾರ್ಲಹಳ್ಳಿಯಲ್ಲಿದ್ದೆ. ಜಗಲಿ ಹತ್ತಿದವರಿಗೆಲ್ಲ ನನ್ನದೇ ಕಾಫಿ. ಕುಡಿದವರ ಮುಖ ನೋಡಿದರೆ ಅತ್ತೆ ಬೇಗ ಚೇತರಿಸಿಕೊಳ್ಳಲಿ ಎಂದು ಮನಸಾರೆ ಹಾರೈಸುತ್ತಿರುವುದು ತಿಳಿಯುತ್ತಿತ್ತು. ಮುದ್ದೆ ಮಾತ್ರ ಮಾವನೂ ನಾನೂ ಸೇರಿಯೇ ಕಟ್ಟಬೇಕು, ಒಬ್ಬರು ಪಾತ್ರೆ ಹಿಡಿದು, ಇನ್ನೊಬ್ಬರು ಕೋಲು ತಿರುವಿ. ಮೊದಲನೆಯ ದಿನ ಹನ್ನೆರಡೂವರೆಗೆಲ್ಲ, ಹಬೆಯಾಡುವ ಮುದ್ದೆಯನ್ನೂ ಹುರುಳಿಕಾಳಿನ ಸಾರನ್ನೂ ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಮುಂದೆ ತಂದಿಟ್ಟೆ. ಎಲ್ಲರಿಗಿಂತ ಮೊದಲು. ಅತ್ತೆ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ನುಂಗಿ ಎದೆಯ ಮೇಲೆ ಕೈ ಇಟ್ಟುಕೊಂಡರು. ನನಗೆ ಗಾಬರಿಯಾಯಿತು.

"ಏನಾಯ್ತತ್ತೆ?"

"ಏನೋ, ಮುದ್ದೆ ಇಷ್ಟ್ ಬಿಸಿ ಇರತ್ತಾ?"

"ದಿನಾ ನೀವೇ ಕಟ್ಟೋ ಮುದ್ದೆ ಅಲ್ವಾ ಅತ್ತೆ!"

"ಕೈಗ್ ಗೊತ್ತಿತ್ತು," ಎಂದರು ಅತ್ತೆ. "ಗಂಟ್ಲಿಗ್ ಗೊತ್ತಿರ್ಲಿಲ್ಲ."

ಮಾವ ಹುಳುವಿನ ಮನೆಯ ಕಡೆ ನೋಡುತ್ತಾ ನಿಂತರು. ನಾನು ಆ ಮನೆಯಲ್ಲಿ ಎರಡು ವರ್ಷ ಹೊತ್ತು ಹೊತ್ತಿಗೆ ಬಿಸಿ ಮುದ್ದೆ ಉಂಡವನು. ಅತ್ತೆಯ ತಟ್ಟೆಯನ್ನು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ. ನಾಚಿಕೆಯಾಯಿತು. ಕಣ್ಣು ತುಂಬಿತು, ಸಾರಿನ ಹಬೆ ಎಂದು ಒರೆಸಿಕೊಂಡೆ.

"ಇನ್ನರ್ಧ ಹಾಕ್ಲಾ ಅತ್ತೆ?"

"ಬೇಡಪ್ಪ. ಸಾಕು."

"ಸ್ವಲ್ಪ?"

"ಬೇಡ ಕಣೋ, ನೀವೂ ಉಣ್ಬೇಕಲ್ಲ."

ನಾನು ಮೂರನೆಯ ಸಲ ಕೇಳಿದೆ. ಅತ್ತೆ ತಟ್ಟೆಯನ್ನು ಮುಂದಕ್ಕೆ ಹಿಡಿದರು.