ಕಾಕಾನ ಫೋನ್ ಡ್ಯೂಟಿ ಮೇಲಿದೆ

ಇಡೀ ಪುಣೆಯಲ್ಲಿ ಫೋನನ್ನು ಹೆದರಿಸಿ ಕೆಲಸ ತೆಗೆಯುತ್ತಿದ್ದ ಮನುಷ್ಯ ನಮ್ಮ ಕಾಕಾ ಒಬ್ಬರೇ! ಫೋನಾದರೂ ಎಂಥದ್ದು? ಮೆಮೊರಿ ಎಳ್ಳಷ್ಟು. ಒಂದು ಆ್ಯಪ್ ತೆರೆದರೆ ಇನ್ನೊಂದನ್ನು ಹೇಳದೆ ಕೇಳದೆ ಮುಚ್ಚಿಬಿಡುವ ಜಾತಿ.

ಮುಚ್ಚಿದರೆ ಮುಚ್ಚಲಿ ಎನ್ನುವಂತಿರಲಿಲ್ಲ. ಕಾಕಾನ ಹೆಂಡತಿ, ನಮ್ಮ ಕಾಕುವಿಗೆ ಸಕ್ಕರೆ ಕಾಯಿಲೆ. ಅವರ ತೋಳಿಗೆ ಅಂಟಿಸಿದ, ಸಕ್ಕರೆ ಅಳೆಯುವ ಬಿಲ್ಲೆಯಿಂದ ಆ ಫೋನಿಗೆ ಸುದ್ದಿ ಹೋಗುತ್ತಿತ್ತು. ಸಕ್ಕರೆ ತೀರಾ ಇಳಿದರೆ ಆ್ಯಪ್ ಕೂಗಬೇಕು. ಆದರೆ ಅದು ಒಳಗೊಳಗೇ ನಡೆಯುತ್ತಿದ್ದರೆ ತಾನೇ ಕೂಗುವುದು? ಒಮ್ಮೆ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಆರಿಸುತ್ತಿದ್ದ ಕಾಕು ಹಾಗೇ ಕುಸಿದು ಕೂತರು. ಪಕ್ಕದಲ್ಲೇ ನಿಂತ ಕಾಕಾನ ಜೇಬಿನಲ್ಲಿದ್ದ ಫೋನ್ ಪಿಟ್ಟೆನ್ನಲಿಲ್ಲ!

ತಪ್ಪು ಯಾರದು? ಕಾಕಾನದೇ! ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ನಡೆಸಿದವರು. ಪಾಳಿ ಮುಗಿದ ಮೇಲೆ ಯಂತ್ರ ಒರೆಸಿಡದೆ ಎದ್ದವರಲ್ಲ. ಫೋನಿನಲ್ಲೂ ತೆರೆದಿದ್ದನ್ನೆಲ್ಲ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ ಸಾಫ್ ಮಾಡುತ್ತಿದ್ದರು. ಕಸದ ಜೊತೆ ಸಕ್ಕರೆಯ ಆ್ಯಪೂ ಹೋಗುತ್ತಿತ್ತು.

"ಕಾಕಾ, ಅದನ್ಯಾಕ ತಗದ್ರಿ?"

"ಹೊಲಸ ಮಷೀನ್ ಹಾಂಗ ಬಿಟ್ಟು ಏಳಬೇಕೇನಲೇ?"

ನಾನು ಬ್ಯಾಟರಿ ಉಳಿಸುವ ಆಯ್ಕೆ ತೆಗೆದು, ತಳ್ಳಿದರೂ ಹೋಗದಂತೆ ಆ ಆ್ಯಪಿಗೆ ಬೀಗ ಹಾಕಿಕೊಟ್ಟೆ. ಅಂದಿನಿಂದ ಮನೆಯಲ್ಲಿ ಕರ್ಫ್ಯೂ! ಕಾಕು ಫೋನಿನಲ್ಲಿ ಭಜನೆ ಹಚ್ಚಿದರೆ ಸಾಕು, ಕಾಕಾ ಗದರುತ್ತಿದ್ದರು, "ಬಂದ್ ಮಾಡ! ನಿನ್ನ ವಿಠ್ಠಲ ಒಳಗ ಬಂದ್ರ ಸಕ್ರಿ ಆ್ಯಪ್ ಹೊರಗ ಹೋಗ್ತದ!"

"ದೇವರನ್ನೂ ಹೊರಗ ಹಾಕಿದ್ರೇನು? ಭಾಳ ಶಾಣ್ಯಾರದೀರಿ!"

ನನ್ನ ಮಗಳ ಹುಟ್ಟುಹಬ್ಬದ ವಿಡಿಯೊ ಆ ಫೋನಿಗೆ ಕಳಿಸಿದ್ದೇ ನನ್ನ ಅಪರಾಧವಾಯಿತು. ಕಾಕಾ ಕೊಂಢವಾದಿಂದ ಬಸ್ಸು ಹಿಡಿದು ನಮ್ಮ ಮನೆಗೇ ಬಂದರು. ಏಕೆ? ಬೈಯಲು!

"ಫೋನ್ ಮಾಡಿ ಬೈಬಹುದಿತ್ತಲ್ರಿ?"

"ಫೋನ್ ನಿಮ್ಮ ಕಾಕು ಹಂತ್ಯಾಕ ಅದ. ಡ್ಯೂಟಿ ಮ್ಯಾಲ ಅದ!"

ಹೊಸ ಫೋನ್ ತರುತ್ತೇನೆಂದರೆ ಇನ್ನೂ ಸಿಟ್ಟು. "ನಡಿಯೂ ಮಷೀನ್ ಬದಲಿ ಮಾಡಾವ ಆಪರೇಟರನ ಅಲ್ಲ."

ಈಗ ನನ್ನ ಸಿಟ್ಟನ್ನೂ ಸ್ವಲ್ಪ ಕೇಳಿ. ಹೆಂಡತಿಯ ಸಕ್ಕರೆಯ ಏರಿಳಿತವನ್ನು ಇಷ್ಟು ಕಾದ ಮನುಷ್ಯ, ತಮ್ಮ ಎದೆ ನೋಯುತ್ತಿದೆಯೆಂದು ಯಾರಿಗಾದರೂ ಹೇಳಿದರೇ? ಇಲ್ಲ! ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಕೂತರು. ಕೂತಲ್ಲೇ ಹೋಗಿಬಿಟ್ಟರು. ಇದು ನ್ಯಾಯವೇ? ಜಗಳವಾಡೋಣವೆಂದರೆ ಈಗ ಯಾರ ಜೊತೆ ಆಡಲಿ?

ಕಾಕುವಿಗೆ ದೊಡ್ಡ ಮೆಮೊರಿಯ ಹೊಸ ಫೋನ್ ಕೊಡಿಸಿದ್ದೇನೆ. ಮೊನ್ನೆ ನಾನು ಎದುರಿಗೆ ಕೂತಿದ್ದಾಗಲೇ ಅದು ಕೂಗಿತು. ಕಾಕು ಎದ್ದು ಬೆಲ್ಲದ ತುಣುಕು ಬಾಯಿಗೆ ಹಾಕಿಕೊಂಡರು.

"ನೋಡ್ರಿ ಕಾಕು, ಈಗ ಯಾರೂ ಕಾಯೂದು ಬ್ಯಾಡ. ತಾನ ಹೇಳ್ತದ."

"ಹೇಳ್ತದಪಾ," ಎಂದರು ಕಾಕು, ಬೆಲ್ಲವನ್ನು ನಿಧಾನಕ್ಕೆ ಕರಗಿಸುತ್ತಾ. "ಆದ್ರ ತಿಂದಾಳೋ ಇಲ್ಲೋ ಅಂತ ನಿಮ್ಮ ಕಾಕಾನ ಹಾಂಗ ಬಾಯಿ ತಗಿಸಿ ನೋಡೂದಿಲ್ಲ."