ಯಂತ್ರ ಓದದ ಸಾಲುಗಳು

ತಕ್ಕಡಿ ರಾಯರು ಕಾದಂಬರಿ ಬರೆಯಲು ಕೂತದ್ದು ಸಾಹಿತ್ಯದ ಮೇಲಿನ ಪ್ರೀತಿಯಿಂದಲ್ಲ, ಮನೆಯಲ್ಲಿ ಮಾತಾಡುವವರಿಲ್ಲದೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿ ಅಂಗಡಿಯ ತಕ್ಕಡಿಗಳನ್ನು ಪರೀಕ್ಷಿಸಿ ನಿವೃತ್ತರಾದವರು, ಹೆಸರೂ ಅಲ್ಲಿಂದಲೇ ಅಂಟಿಕೊಂಡು ಬಂತು. ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನವರ ಮಾತಿಗೆಲ್ಲ ಲೈನ್ ಜೋಡಿಸಿ ಜೋಡಿಸಿ, ತಮ್ಮ ಪಾಲಿನ ಮಾತನ್ನು ಅಲ್ಲೇ ಮುಗಿಸಿ ಬಂದಂತಿದ್ದರು. ಮಕ್ಕಳಿಲ್ಲದ ಮನೆ. ಬೆಳಗ್ಗೆ "ಗ್ಯಾಸ್ ಆರಿಸಿದ್ರಾ?", ಸಂಜೆ "ಬಾಗಿಲು ಹಾಕಿದ್ರಾ?" ಇವೆರಡರ ನಡುವೆ ಬಾಯಿ ಬಿಡುತ್ತಿದ್ದುದು ಗೋಡೆ ಗಡಿಯಾರ ಒಂದೇ.

"ನಾನೊಂದು ಕಾದಂಬರಿ ಬರೀತೀನಿ ಕಣೇ," ಎಂದು ಒಂದು ದಿನ ರಾಯರು ಘೋಷಿಸಿದರು. ಏನು ಕಥೆ, ಯಾರು ನಾಯಕಿ ಎಂದು ಕೇಳಿಯಾಳು ಎಂಬ ಆಸೆ.

"ಬರೀರಿ," ಎಂದರು ಹೆಂಡತಿ, ಬಟ್ಟೆ ಮಡಿಸುತ್ತಾ. "ಪೆನ್ನು ಜೇಬಲ್ಲಿ ಬಿಡಬೇಡಿ, ಶಾಯಿ ಕಲೆ ಹೋಗಲ್ಲ."

ಪೆನ್ನಿನ ಪ್ರಶ್ನೆಯೇ ಬರಲಿಲ್ಲ. ಅಚ್ಚಿಗೆ ಸಿದ್ಧವಾಗುವಂತೆ ಪುಟ ಜೋಡಿಸಿ ತಂದರೆ ಮಾತ್ರ ನೋಡುವುದಾಗಿ ರಾಯರು ವಿಚಾರಿಸಿದ ಪ್ರಕಾಶಕರು ಹೇಳಿಬಿಟ್ಟರು. ಮುದ್ರಣ ಶಾಲೆಯಲ್ಲಿ ಮೇಷ್ಟರಾಗಿದ್ದ ಭಾಮೈದ ಬಂದು ಮನೆಯ ಕಂಪ್ಯೂಟರಿಗೆ ಪುಟ ಜೋಡಿಸುವ ತಂತ್ರಾಂಶ ಹಾಕಿಕೊಟ್ಟ.

"ಇದು ಸಾದಾ ಅಕ್ಷರದ ಫೈಲು ಭಾವ. ಇಲ್ಲಿ ಕಥೆ ಬರೀರಿ, ಅಧ್ಯಾಯ ಎಲ್ಲಿ ಶುರು ಅಂತ ಒಂದು ಗುರುತು ಹಾಕಿ, ಅಷ್ಟೇ. ಅಂಚು, ಅಕ್ಷರದ ಗಾತ್ರ, ಪುಟದ ನಂಬರು ಎಲ್ಲಾ ಯಂತ್ರ ನೋಡ್ಕೊಳ್ಳುತ್ತೆ."

ಅಂಚನ್ನು ಇನ್ನೊಬ್ಬರ ಕೈಗೆ ಬಿಡುವುದುಂಟೇ? ಮೊದಲ ವಾರ ಕಾದಂಬರಿ ಒಂದು ಪುಟವೂ ಆಗಲಿಲ್ಲ, ಅಂಚು ಮಾತ್ರ ಹದಿನೆಂಟೂವರೆ ಮಿಲಿಮೀಟರಿಗೆ ಕರಾರುವಾಕ್ಕಾಗಿ ನಿಂತಿತು. (ಅಚ್ಚಾದ ಹಾಳೆಯ ಮೇಲೆ ಸ್ಕೇಲಿಟ್ಟು ಅಳೆದರು. ಅರ್ಧ ಮಿಲಿಮೀಟರು ಹೆಚ್ಚು ಬಂದದ್ದಕ್ಕೆ ಪ್ರಿಂಟರಿಗೆ ಮೌಖಿಕ ಎಚ್ಚರಿಕೆಯನ್ನೂ ಕೊಟ್ಟರು.) ಎರಡನೆಯ ವಾರ ಪ್ರಥಮ ಪ್ರಣಯ ಸನ್ನಿವೇಶವನ್ನು ಅಚ್ಚು ಹಾಕಿ ಹೆಂಡತಿಯ ಮುಂದೆ ಹಿಡಿದರು.

ಹೆಂಡತಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "'ನನ್ನ ಹೃದಯ 100ಬಕೆಟ್ ನೀರನ್ನು ಅವಳು ಗಿಡಗಳಿಗೆ ಸುರಿದಳು.' ರೀ, ಇದೇನು ಹೃದಯಾನಾ, ನೀರಿನ ಟ್ಯಾಂಕಾ?"

ರಾಯರು ಬರೆದದ್ದು "ನನ್ನ ಹೃದಯ 100% ನಿನ್ನದೇ, ಎಂದನು ಅವನು" ಎಂದು. ಬಕೆಟ್ಟು ಮುಂದಿನ ಸಾಲಿನದು. ಅವಮಾನದಿಂದ ಕುದಿಯುತ್ತಾ ಭಾಮೈದನಿಗೆ ಫೋನ್ ಮಾಡಿದರು.

"ಶೇಕಡಾ ಗುರುತು ಬಂದ್ರೆ ಆ ಸಾಲಲ್ಲಿ ಮುಂದಿನದನ್ನ ಯಂತ್ರ ಓದೋದೇ ಇಲ್ಲ ಭಾವ. ಬರೆಯೋರು ತಮಗೆ ತಾವೇ ಟಿಪ್ಪಣಿ ಬರ್ಕೊಳ್ಳೋ ಜಾಗ ಅದು. ಫೈಲಲ್ಲಿ ಇರುತ್ತೆ, ಅಚ್ಚಲ್ಲಿ ಬರಲ್ಲ."

"ಅಂದ್ರೆ ಅಲ್ಲಿ ನಾನು ಏನು ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲ್ಲ."

"ಹೂಂ ಭಾವ."

"ನಿಮ್ಮಕ್ಕನಿಗೆ ಅಂಥಾ ಗುರುತೂ ಬೇಕಾಗಿಲ್ಲ ಬಿಡು."

ಹಾಗೆಂದು ಫೋನ್ ಇಟ್ಟರೂ ಆ ಗುರುತು ರಾಯರ ಮನಸ್ಸಿಗೆ ಹಿಡಿಸಿತು. ಯಾರೂ ಓದದ ಜಾಗದಲ್ಲಿ ಏನನ್ನು ಬೇಕಾದರೂ ಬರೆಯಬಹುದಲ್ಲ. ಅಂದಿನಿಂದ ನಾಯಕ ಬೆಟ್ಟ ಹತ್ತುವಾಗ, ನಾಯಕಿ ಮೂರ್ಛೆ ಹೋಗುವಾಗ, ನಡುನಡುವೆ ಒಂದೊಂದು ಶೇಕಡಾ ಗುರುತು ಹಾಕಿ ತಮ್ಮ ಅಳಲನ್ನು ತೋಡಿಕೊಳ್ಳತೊಡಗಿದರು. ಬರೆದಾದ ಮೇಲೆ ಎದೆ ಸ್ವಲ್ಪ ಹಗುರವಾಗುತ್ತಿತ್ತು. ಆಮೇಲೆ ವಾಕಿಂಗಿಗೆ ಹೊರಡುತ್ತಿದ್ದರು. ಆ ಹೊತ್ತಿನಲ್ಲಿ ಹೆಂಡತಿ ಅದೇ ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಇಸ್ಪೀಟು ಆಡುತ್ತಾರೆಂದು ಅವರಿಗೆ ಗೊತ್ತಿತ್ತು, ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಬರೆದದ್ದನ್ನು ತಿರುಗಿ ನೋಡುವ ಪದ್ಧತಿ ರಾಯರಿಗಿರಲಿಲ್ಲ. ಫೈಲು ತೆರೆದರೆ ನೇರ ಕೊನೆಗೆ ಹೋಗಿ ಮುಂದುವರಿಸುವುದು, ತಿದ್ದುಪಡಿಯೆಲ್ಲ ಕೊನೆಗೊಮ್ಮೆ ಒಟ್ಟಿಗೆ ಎಂದು ಮುಂದೂಡುವುದು (ಸರ್ಕಾರಿ ನೌಕರಿಯ ಅಭ್ಯಾಸ). ಹೀಗೆ ಐದು ತಿಂಗಳಲ್ಲಿ ಮಹಾಕಾದಂಬರಿ ಮುಗಿಯಿತು. ಪ್ರಕಾಶಕರು ಮೂಲ ಫೈಲನ್ನೂ ಕೇಳಿದ್ದರು, ಅದನ್ನೂ ಕಳಿಸಿದರು. ವಾರದ ಮೇಲೆ ಫೋನ್ ಬಂತು.

"ನಿಮ್ಮ ಅಂಚುಗಳು ಬಹಳ ಚೆನ್ನಾಗಿವೆ," ಎಂದರು ಪ್ರಕಾಶಕರು. "ಕಥೆ ಮೂರನೇ ಅಧ್ಯಾಯದಲ್ಲೇ ನನ್ನನ್ನ ಮಲಗಿಸಿಬಿಡ್ತು. ಆದ್ರೆ ಮೂಲ ಫೈಲಲ್ಲಿರೋ ಶೇಕಡಾ ಸಾಲುಗಳು ಇವೆಯಲ್ಲ, ಅವನ್ನ ಆಫೀಸಿನವರೆಲ್ಲ ಸುತ್ತ ನಿಂತು ಓದಿದ್ವಿ. ಕಾದಂಬರಿ ಬೇಡ, ಅವನ್ನೇ ಪುಸ್ತಕ ಮಾಡೋಣ. ಇಬ್ಬರ ಹೆಸರೂ ಹಾಕ್ತೀನಿ. ಆಕೆ ಹೆಸರು ಮೊದಲು."

"ಯಾವ ಆಕೆ?" ಎಂದರು ರಾಯರು.

"ನೀವು ಒಂದ್ಸಲ ಮೊದಲಿಂದ ಓದಿ ಸ್ವಾಮಿ," ಎಂದು ಪ್ರಕಾಶಕರು ಮೆಲ್ಲಗೆ ಹೇಳಿ ಫೋನ್ ಇಟ್ಟರು.

ರಾಯರು ಐದು ತಿಂಗಳಲ್ಲಿ ಮೊದಲ ಬಾರಿಗೆ ಫೈಲಿನ ಆರಂಭಕ್ಕೆ ಹೋದರು. ಎರಡನೆಯ ಅಧ್ಯಾಯದಲ್ಲಿ, ನಾಯಕ ಕುದುರೆಯಿಂದ ಬೀಳುವ ಕಡೆ, ಅವರ ಮೊದಲ ಟಿಪ್ಪಣಿ ಇತ್ತು. ಅದರ ಕೆಳಗೆ ಇನ್ನೊಂದು ಸಾಲು.

% ಈ ಮನೆಯಲ್ಲಿ ನನ್ನ ಮಾತು ಯಾರಿಗೂ ಕೇಳಿಸುವುದಿಲ್ಲ.
% ಕೇಳಿಸ್ತಾ ಇದೆ. ಮಾತಾಡಿ.

ರಾಯರು ಕನ್ನಡಕ ಒರೆಸಿಕೊಂಡು ಕೆಳಗಿಳಿದರು.

% ಇವತ್ತು ಅವಳಾಡಿದ ಮಾತು ನಾಲ್ಕು. ಅದರಲ್ಲಿ ಎರಡು ಹಾಲಿನವನಿಗೆ.
% ಐದು. ಬಚ್ಚಲಿನ ಲೈಟ್ ಆರಿಸಿ ಅಂದಿದ್ದು ಬಿಟ್ಟಿದ್ದೀರಿ. ತೂಕದಲ್ಲಿ ಮೋಸ.

% ನಾನು ಸತ್ತರೆ ಇಲ್ಲಿ ಯಾರಿಗೆ ಗೊತ್ತಾಗುತ್ತದೆ?
% ನನಗೆ. ಗೊರಕೆ ನಿಲ್ಲುತ್ತಲ್ಲ. ಆಮೇಲೆ ನನಗೆ ನಿದ್ದೆ ಬರಲ್ಲ.

ರಾಯರಿಗೆ ನಗು ಬಂತು. ಇಷ್ಟು ಮಾತು ಬರುವವಳು ಈ ಮನೆಯಲ್ಲೇ ಇದ್ದಳೇ ಎಂದು ಆಶ್ಚರ್ಯವೂ ಆಯಿತು. ಆದರೆ ಏಳನೆಯ ಅಧ್ಯಾಯದಿಂದಾಚೆಗೆ ಅವಳ ಸಾಲುಗಳ ಧಾಟಿ ಬದಲಾಗುತ್ತಾ ಬಂದಿತ್ತು.

% ಹಲೋ.
% ಹಲೋ, ಲೈನಲ್ಲಿದ್ದೀರಾ?
% ನಾನು ದಿನಾ ಬರೀತೀನಿ, ನೀವು ಉತ್ತರಾನೇ ಕೊಡಲ್ಲ. ಓದಿಯೂ ಸುಮ್ಮನಿದ್ದೀರೇನೋ.

ಹನ್ನೊಂದನೆಯದರಲ್ಲಿ, ಪ್ರೇಮಿಗಳು ಶಾಶ್ವತವಾಗಿ ಒಂದಾಗುವ ಪುಟದಲ್ಲಿ, ಕೊನೆಯದು, ಎಕ್ಸ್‌ಚೇಂಜಿನ ಭಾಷೆಯಲ್ಲಿ.

% ಪಾರ್ಟಿ ಉತ್ತರ ಕೊಡ್ತಾ ಇಲ್ಲ. ಕಾಲ್ ಕ್ಯಾನ್ಸಲ್.

ನಾನೊಬ್ಬನೇ ಒಂಟಿ ಎಂದು ಐದು ತಿಂಗಳು ಗೋಳಾಡಿದ್ದರು ರಾಯರು. ಕೂಗಿದ್ದವಳು ಅವಳು, ಕಿವುಡಾಗಿದ್ದವರು ಇವರು. ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋದರು. ಹೆಂಡತಿ ಪಾತ್ರೆ ಒರೆಸುತ್ತಿದ್ದರು.

"ಏನು?"

"ಏನಿಲ್ಲ. ಗ್ಯಾಸ್ ಆರಿಸಿದೀಯಾ ಅಂತ."

"ಆರಿಸಿದೀನಿ."

ಮೂವತ್ತು ವರ್ಷದ ತುಕ್ಕು ಬಾಯಿಂದ ಅಷ್ಟು ಸುಲಭಕ್ಕೆ ಬಿಡುತ್ತದೆಯೇ. ರಾಯರು ವಾಪಸು ಬಂದು ಆ ಕೊನೆಯ ಸಾಲಿನ ಕೆಳಗೆ ಶೇಕಡಾ ಗುರುತು ಹಾಕಿ, "ಹಲೋ. ತಪ್ಪಾಯಿತು. ಲೈನಲ್ಲಿದ್ದೇನೆ" ಎಂದು ಬರೆದರು. "ಸ್ವಲ್ಪ ವಾಕಿಂಗ್ ಹೋಗಿ ಬರ್ತೀನಿ" ಎಂದು ಗಟ್ಟಿಯಾಗಿ ಕೂಗಿ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬೀದಿಯನ್ನು ಎರಡು ಸುತ್ತು ಹಾಕಿದರು. ಬಂದು ನೋಡಿದಾಗ ಉತ್ತರ ಸಿದ್ಧವಾಗಿತ್ತು.

% ನೀವು ಸಾಲಿನಲ್ಲಿದ್ದೀರಿ. ದಯವಿಟ್ಟು ಕಾಯಿರಿ.

ಒಳಗಿಂದ ಇನ್ನೂ ಪಾತ್ರೆಯ ಸದ್ದು ಬರುತ್ತಿತ್ತು. ರಾಯರು ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ವಿಧೇಯರಾಗಿ ಕೂತರು. ಸಾಲಿನಲ್ಲಿ ಇದ್ದದ್ದು ಅವರೊಬ್ಬರೇ. ಆದರೂ ಸರದಿ ಬರುವ ಹೊತ್ತಿಗೆ ಸಂಜೆಯಾಗಿತ್ತು.